ಐದು ಬಗೆಯ ಹೆಣಿಗೆ ಉಡುಪು, ಇನ್‌ವಾಯ್ಸ್‌ನಲ್ಲಿ ಒಂದೇ ಕೋಡ್: ಕಸ್ಟಮ್ಸ್ ಒಪ್ಪುತ್ತದೆಯೇ?

ಪ್ರಶ್ನೆ: ನಾನು ಸಣ್ಣ ಪ್ರಮಾಣದಲ್ಲಿ ಹೆಣಿಗೆ ಉಡುಪುಗಳನ್ನು ಆಮದು ಮಾಡಿಕೊಳ್ಳುತ್ತೇನೆ. ಈ ಸಲದ ಸರಕಿನಲ್ಲಿ ಐದು ಬಗೆಗಳಿವೆ. ದುಂಡು ಕತ್ತಿನ, ಶೇ 100 ಹತ್ತಿಯ ಟಿ-ಶರ್ಟ್. ಕಾಲರ್, ಮೂರು ಗುಂಡಿ ಮತ್ತು ಕೆಳ ಅಂಚಿಗೆ ರಿಬ್ ಪಟ್ಟಿ ಇರುವ ಪೋಲೊ. ಇದರಲ್ಲಿ ಹತ್ತಿ ಶೇ 60, ಪಾಲಿಯೆಸ್ಟರ್ ಶೇ 40. ಒಳಮೈ ಉಜ್ಜಿ ಮೃದುವಾಗಿಸಿದ, ಟೋಪಿ ಇರುವ ಸ್ವೆಟ್‌ಶರ್ಟ್. ಹತ್ತಿ, ಪಾಲಿಯೆಸ್ಟರ್ ಅರ್ಧರ್ಧ. ‘ಬಿದಿರು–ಹತ್ತಿ’ ಎಂದು ಮಾರುವ ಮಹಿಳೆಯರ ಕಾರ್ಡಿಗನ್. ಹತ್ತಿ ಶೇ 45, ಬಿದಿರಿನ ವಿಸ್ಕೋಸ್ ಶೇ 30, ಅಕ್ರಿಲಿಕ್ ಶೇ 25. ಕೊನೆಯದು 80ರಿಂದ 98 ಸೆಂ.ಮೀ. ಅಳತೆಯ ಮಕ್ಕಳ ಹತ್ತಿ ಟಿ-ಶರ್ಟ್. ಪೂರೈಕೆದಾರರು ಎಲ್ಲದಕ್ಕೂ ‘ಹತ್ತಿ ಟಿ-ಶರ್ಟ್, 6109.10’ ಎಂದು ಬರೆದಿದ್ದಾರೆ. ಹಿಂದೆ ಎರಡು ಸಲ ಇದೇ ಸರಕು ಇದೇ ಕೋಡ್‌ನಲ್ಲಿ ಬಿಡುಗಡೆಯಾಗಿದೆ. ಈ ಸಲ ಅಧಿಕಾರಿಗಳು ತಡೆದಿದ್ದಾರೆ. ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ, ಆದ್ದರಿಂದ ರಫ್ತುದಾರರ ಕೋಡನ್ನು ಒಪ್ಪಲೇಬೇಕು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಕ್ಲಿಯರಿಂಗ್ ಏಜೆಂಟ್ ಮಾತ್ರ ‘ವಾದ ಬೇಡ, ಅವರು ಹೇಳಿದಷ್ಟು ಕಟ್ಟಿಬಿಡಿ’ ಎನ್ನುತ್ತಾರೆ. ಹೋರಾಡಬೇಕೇ, ಕಟ್ಟಬೇಕೇ? ಹಳೆಯ ಎರಡು ಸರಕುಗಳ ಗತಿಯೇನು?

ಉತ್ತರ: ನಿಮ್ಮ ಚಿಂತೆಯಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಸರಿಯಾದ ಕೋಡ್ ಯಾವುದು, ಅದನ್ನು ಹೇಳುವ ಹೊಣೆ ಯಾರದು, ಆಗಿಹೋದದ್ದಕ್ಕೆ ಏನು ಮಾಡುವುದು. ಇವುಗಳನ್ನು ಬಿಡಿಸದೆ ಹೋರಾಡಿದರೂ ನಷ್ಟ, ಕಣ್ಣು ಮುಚ್ಚಿ ಕಟ್ಟಿದರೂ ನಷ್ಟ.

ಮೊದಲು ನಿಮ್ಮ ಪರಿಚಿತರ ಮಾತು. ಅದರಲ್ಲಿ ಅರ್ಧ ನಿಜ. ಪ್ರತಿ ಬಗೆಯ ಸರಕಿಗೂ ಅಂಕಿಗಳ ಕೋಡ್ ಕೊಡುವ ಪಟ್ಟಿ, ಅಂದರೆ ವಿಶ್ವ ಕಸ್ಟಮ್ಸ್ ಸಂಘಟನೆಯ ಹಾರ್ಮೊನೈಸ್ಡ್ ಸಿಸ್ಟಮ್, 1988ರಿಂದ ಜಾರಿಯಲ್ಲಿದೆ. 200ಕ್ಕೂ ಹೆಚ್ಚು ದೇಶಗಳು ಮತ್ತು ಆರ್ಥಿಕ ಪ್ರದೇಶಗಳು ಅದನ್ನು ಬಳಸುತ್ತವೆ, ಮೊದಲ ಆರು ಅಂಕಿಗಳು ಎಲ್ಲೆಡೆಯೂ ಒಂದೇ. ಆರರ ಮುಂದೆ ಭಾರತ ಎಂಟು ಅಂಕಿಗೆ ಹೋಗುತ್ತದೆ, ಅಮೆರಿಕ ಹತ್ತಕ್ಕೆ. ಆದರೆ ಪಟ್ಟಿ ಒಂದೇ ಎಂದ ಮಾತ್ರಕ್ಕೆ ಪಟ್ಟಿಯನ್ನು ಓದಿದವರೆಲ್ಲ ಸರಿಯಾಗಿ ಓದಿದ್ದಾರೆ ಎಂದಾಗುವುದಿಲ್ಲ. ರಫ್ತುದಾರರು ಬರೆದ ಕೋಡ್ ಅವರ ದೇಶದ ರಫ್ತು ದಾಖಲೆಗೆ ಸಾಕು. ಆಮದಾಗುವ ದೇಶದಲ್ಲಿ ಘೋಷಣೆಗೆ ಸಹಿ ಹಾಕುವವರು ನೀವು. ಆ ಕೋಡ್‌ಗೆ ಹೊಣೆಯೂ ನೀವೇ. ‘ಪೂರೈಕೆದಾರರು ಹೀಗೆ ಬರೆದಿದ್ದರು’ ಎಂಬುದು ವಿವರಣೆಯಾಗಬಹುದು, ರಕ್ಷಣೆಯಾಗುವುದಿಲ್ಲ. ಬಹಳಷ್ಟು ಕಾರ್ಖಾನೆಗಳು ತಮಗೆ ರೂಢಿಯಾದ ಒಂದು ಕೋಡನ್ನು ಎಲ್ಲ ಪೆಟ್ಟಿಗೆಗಳಿಗೂ ಹಚ್ಚಿ ಕೈತೊಳೆದುಕೊಳ್ಳುತ್ತವೆ. ತಪ್ಪಿದರೆ ಅವರ ಜೇಬಿಗೆ ಕತ್ತರಿ ಬೀಳುವುದಿಲ್ಲ ನೋಡಿ.

‘ಹಿಂದೆ ಎರಡು ಸಲ ಬಿಟ್ಟಿದ್ದರು’ ಎಂಬುದೂ ಅಷ್ಟೇ. ಬಹುತೇಕ ಘೋಷಣೆಗಳನ್ನು ಯಾರೂ ಪೆಟ್ಟಿಗೆ ತೆರೆದು ನೋಡುವುದಿಲ್ಲ. ಅಪಾಯದ ಲೆಕ್ಕಾಚಾರದ ಮೇಲೆ ಆಯ್ದ ಕೆಲವನ್ನು ಮಾತ್ರ ಪರಿಶೀಲಿಸುತ್ತಾರೆ. ಪರಿಶೀಲನೆಯಿಲ್ಲದೆ ಹೊರಬಂದ ಸರಕಿನ ಕೋಡನ್ನು ಇಲಾಖೆ ಒಪ್ಪಿಕೊಂಡಿದೆ ಎಂದು ಎಣಿಸುವಂತಿಲ್ಲ.

ಈಗ ಉಡುಪುಗಳಿಗೆ ಬರೋಣ. ಕೋಡ್‌ನ ಮೊದಲ ಎರಡು ಅಂಕಿ ಅಧ್ಯಾಯ, ಮೊದಲ ನಾಲ್ಕು ಅಂಕಿ ಶೀರ್ಷಿಕೆ. ಹೆಣೆದ ಉಡುಪುಗಳು ಸಾಮಾನ್ಯವಾಗಿ 61ನೇ ಅಧ್ಯಾಯ, ನೇಯ್ದವು 62. ಹಿಗ್ಗಿದರೆ ಹೆಣಿಗೆ, ಹಿಗ್ಗದಿದ್ದರೆ ನೇಯ್ಗೆ ಎಂಬ ಲೆಕ್ಕ ನಂಬುವಂಥದ್ದಲ್ಲ. ಇಲಾಸ್ಟೇನ್ ಸೇರಿಸಿ ನೇಯ್ದ ಬಟ್ಟೆಯೂ ಹಿಗ್ಗುತ್ತದೆ, ಬಿಗಿಯಾಗಿ ಹೆಣೆದದ್ದು ಅಷ್ಟಾಗಿ ಹಿಗ್ಗದೆಯೂ ಇರಬಹುದು. ಭೂತಗನ್ನಡಿ ಹಿಡಿದು ನೋಡಿ: ನೂಲು ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಕ್ಕಿಕೊಂಡಿದ್ದರೆ ಹೆಣಿಗೆ, ಹಾಸು ಹೊಕ್ಕಾಗಿ ಅಡ್ಡಹಾಯ್ದಿದ್ದರೆ ನೇಯ್ಗೆ. ನಿಮ್ಮ ಐದೂ ಬಗೆಗಳು ಹೆಣಿಗೆಯವೇ ಎಂಬುದರಲ್ಲಿ ತಕರಾರಿಲ್ಲ.

ತಕರಾರು ಇರುವುದು ಅಧ್ಯಾಯದೊಳಗೆ. ಇಲ್ಲಿ ಅಂಗಡಿಯ ಹೆಸರಿಗೆ ಬೆಲೆಯಿಲ್ಲ. ಉಡುಪಿನ ಮೈಮೇಲೆ ಕಾಣುವ ಲಕ್ಷಣಗಳೇ ಎಲ್ಲ. 6109ರ ಟಿ-ಶರ್ಟ್ ಎಂದರೆ ಹಗುರವಾದ, ಕಾಲರ್ ಇಲ್ಲದ, ಗುಂಡಿ ಇಲ್ಲದ, ಕತ್ತಿನ ಬಳಿ ಸೀಳಿಲ್ಲದ ಉಡುಪು. ಬಟ್ಟೆಯ ಮೈ ಉಜ್ಜಿ ಜುಂಗೆಬ್ಬಿಸಿರಬಾರದು, ಟವೆಲ್‌ನಂತೆ ಕುಣಿಕೆಗಳಿರಬಾರದು. ಇದರ ಮೇಲೆ, ಅಧ್ಯಾಯದ ಆರಂಭದಲ್ಲೇ ನಿಯಮಗಳಾಗಿ ಕೊಟ್ಟಿರುವ ಟಿಪ್ಪಣಿಗಳಲ್ಲಿ ಐದನೆಯದು ಇನ್ನೊಂದು ಬಾಗಿಲು ಮುಚ್ಚುತ್ತದೆ: ಕೆಳ ಅಂಚಿನಲ್ಲಿ ಎಳೆದಾರ, ರಿಬ್ ಪಟ್ಟಿ ಅಥವಾ ಬಿಗಿಗೊಳಿಸುವ ಬೇರಾವುದೇ ವ್ಯವಸ್ಥೆ ಇದ್ದರೆ ಅದು 6109 ಅಲ್ಲ. ನಿಮ್ಮ ದುಂಡು ಕತ್ತಿನ ಹತ್ತಿಯ ಟಿ-ಶರ್ಟ್ ಈ ಎಲ್ಲ ಪರೀಕ್ಷೆಗಳನ್ನೂ ದಾಟುತ್ತದೆ. 6109.10 ಅದಕ್ಕೆ ಸರಿ, ನೆಮ್ಮದಿಯಾಗಿರಿ.

ಪೋಲೊ ಹೆಚ್ಚು ಸ್ವಾರಸ್ಯದ ಪ್ರಾಣಿ. ಕಾಲರ್ ಮತ್ತು ಕತ್ತಿನಿಂದ ಇಳಿಯುವ ಅರ್ಧ ಸೀಳು ಇರುವುದರಿಂದ ಅದು ಟಿ-ಶರ್ಟ್ ಅಲ್ಲ, ಶರ್ಟ್‌ನ ಕಡೆಗೆ ವಾಲುತ್ತದೆ. ಪುರುಷರದ್ದಾದರೆ 6105, ಮಹಿಳೆಯರದ್ದಾದರೆ 6106. ಆದರೆ ನಾಲ್ಕನೇ ಟಿಪ್ಪಣಿ ಮೂರು ಸಂಗತಿಗಳಿಗೆ ಆ ಎರಡೂ ಶೀರ್ಷಿಕೆಗಳ ಬಾಗಿಲು ಹಾಕುತ್ತದೆ: ಸೊಂಟದ ಕೆಳಗೆ ಜೇಬು, ಕೆಳ ಅಂಚಿನಲ್ಲಿ ರಿಬ್ ಪಟ್ಟಿ ಅಥವಾ ಬಿಗಿಗೊಳಿಸುವ ವ್ಯವಸ್ಥೆ, ಮತ್ತು ತೀರಾ ಸಡಿಲವಾದ ಹೆಣಿಗೆ. ಸಡಿಲ ಎಂಬುದಕ್ಕೂ ಅಳತೆಯಿದೆ. ಕನಿಷ್ಠ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಜಾಗದಲ್ಲಿ ಎಣಿಸಿದಾಗ ಎರಡೂ ದಿಕ್ಕಿನಲ್ಲಿ ಸರಾಸರಿ ಸೆಂಟಿಮೀಟರಿಗೆ 10ಕ್ಕಿಂತ ಕಡಿಮೆ ಕುಣಿಕೆಗಳಿದ್ದರೆ ಅದು ಶರ್ಟ್ ಎನಿಸುವುದಿಲ್ಲ. ನಿಮ್ಮ ಪೋಲೊವನ್ನು ಎಣಿಸುವ ಮೊದಲೇ ಅದರ ರಿಬ್ ಪಟ್ಟಿ ಕೆಲಸ ಮುಗಿಸಿಬಿಟ್ಟಿದೆ. 6109ಕ್ಕೂ ಇಲ್ಲ, 6105ಕ್ಕೂ ಇಲ್ಲ. ಅದು ಹೋಗಿ ಬೀಳುವುದು ಜರ್ಸಿ, ಪುಲ್‌ಓವರ್, ಕಾರ್ಡಿಗನ್‌ಗಳ 6110ಕ್ಕೆ. ಹತ್ತಿ ಶೇ 60 ಇರುವುದರಿಂದ 6110.20. ಎರಡು ಬೆರಳಗಲದ ಪಟ್ಟಿಯೊಂದು ಉಡುಪಿನ ಶೀರ್ಷಿಕೆಯನ್ನೇ ಬದಲಿಸುತ್ತದೆ ಎಂದರೆ ಹೊಸಬರು ನಂಬುವುದಿಲ್ಲ. ಆದರೆ ನಾನು ನೋಡಿದ ಹೆಣಿಗೆ ಉಡುಪಿನ ವಿವಾದಗಳಲ್ಲಿ ಬಹಳಷ್ಟು ಹುಟ್ಟಿರುವುದು ಕೆಳ ಅಂಚಿನಲ್ಲೇ.

ನಾರಿನ ವಿಷಯಕ್ಕೆ ಬಂದರೆ ನಿಮ್ಮ ಕಾರ್ಡಿಗನ್ನೇ ಒಳ್ಳೆಯ ಪಾಠ. ಲೇಬಲ್‌ನಲ್ಲಿ ಹತ್ತಿ ಮೊದಲ ಸ್ಥಾನದಲ್ಲಿದೆ, ಶೇ 45. ಉಳಿದ ಯಾವುದೂ ಅದಕ್ಕಿಂತ ಹೆಚ್ಚಿಲ್ಲ. ಹಾಗಾದರೆ ಹತ್ತಿಯದ್ದೇ ಅಲ್ಲವೇ? ಅಲ್ಲ. ಜವಳಿ ವಿಭಾಗದ ನಿಯಮ ಲೇಬಲ್‌ನ ಸಾಲುಗಳನ್ನು ಒಂದೊಂದಾಗಿ ಹೋಲಿಸುವುದಿಲ್ಲ, ಅಧ್ಯಾಯಗಳನ್ನು ಹೋಲಿಸುತ್ತದೆ. ಹತ್ತಿ 52ನೇ ಅಧ್ಯಾಯ. ಮಾನವನಿರ್ಮಿತ ನಾರುಗಳು 54 ಮತ್ತು 55. ಬೇರೆ ಅಧ್ಯಾಯದ ನಾರಿನೊಂದಿಗೆ ತೂಗುವಾಗ ಈ ಎರಡನ್ನೂ ಒಂದೇ ಅಧ್ಯಾಯವೆಂದು ಪರಿಗಣಿಸಬೇಕು. ವಿಸ್ಕೋಸ್ ಶೇ 30 ಮತ್ತು ಅಕ್ರಿಲಿಕ್ ಶೇ 25 ಸೇರಿ ಶೇ 55 ಆಯಿತು. ಕಾರ್ಡಿಗನ್ 6110.30, ಮಾನವನಿರ್ಮಿತ ನಾರಿನದು.

‘ಬಿದಿರು ಗಿಡವಲ್ಲವೇ, ಅದು ಹೇಗೆ ಮಾನವನಿರ್ಮಿತ?’ ಎಂದು ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಬಿದಿರಾಗಲಿ, ಮರದ ತಿರುಳಾಗಲಿ, ಅದನ್ನು ರಾಸಾಯನಿಕದಲ್ಲಿ ಕರಗಿಸಿ, ಸಣ್ಣ ರಂಧ್ರಗಳ ಮೂಲಕ ತಳ್ಳಿ, ಮತ್ತೆ ಎಳೆಯಾಗಿ ಗಟ್ಟಿಗೊಳಿಸಿದ ಮೇಲೆ ಸುಂಕ ಪಟ್ಟಿಯ ಕಣ್ಣಿಗೆ ಅದು ಕೃತಕ ನಾರು. ವಿಸ್ಕೋಸ್, ಮೋಡಾಲ್, ಲಯೊಸೆಲ್ ಎಲ್ಲವೂ ಇದೇ ಸಾಲಿನಲ್ಲಿ ನಿಲ್ಲುತ್ತವೆ. ಜಾಹೀರಾತಿನಲ್ಲಿ ಹಸಿರೆಲೆಯ ಚಿತ್ರ ಎಷ್ಟು ದೊಡ್ಡದಾಗಿದ್ದರೂ ಲೆಕ್ಕ ಬದಲಾಗದು.

ಸ್ವೆಟ್‌ಶರ್ಟ್‌ನ ಒಳಮೈ ಉಜ್ಜಿರುವುದರಿಂದಲೇ ಅದು ಟಿ-ಶರ್ಟ್ ವರ್ಗದಿಂದ ಹೊರಗೆ. ಟೋಪಿ ಇದೆ, ಇಂಥವುಗಳಿಗೆ ಕೆಳಗೆ ರಿಬ್ ಕೂಡ ಇರುವುದು ಸಾಮಾನ್ಯ. ಶೀರ್ಷಿಕೆ 6110 ಎಂಬುದರಲ್ಲಿ ಅನುಮಾನವಿಲ್ಲ. ಪ್ರಶ್ನೆ ನಾರಿನದು. ಅರ್ಧರ್ಧ ಇದ್ದಾಗ ಯಾವುದೂ ಮೇಲುಗೈ ಅಲ್ಲ, ಆಗ ಸಂಖ್ಯೆಯ ಕ್ರಮದಲ್ಲಿ ಕೊನೆಗೆ ಬರುವುದು ಗೆಲ್ಲುತ್ತದೆ. 52ರ ನಂತರ ಬರುವುದು 54, 55. ಹಾಗಾಗಿ 6110.30. ಆದರೆ ಗಮನಿಸಿ: ನಿಜವಾದ ಪ್ರಮಾಣ ಹತ್ತಿ ಶೇ 51 ಆಗಿದ್ದರೆ ಕೋಡ್ 6110.20ಕ್ಕೆ ಜಿಗಿಯುತ್ತದೆ. ನಿಮ್ಮ ಐದು ಬಗೆಗಳಲ್ಲಿ ವಾದಕ್ಕೆ ಜಾಗವಿರುವುದು ಇದೊಂದರಲ್ಲೇ.

ಮಕ್ಕಳ ಟಿ-ಶರ್ಟ್‌ಗಳು ಎರಡು ಪಾಲಾಗುತ್ತವೆ. 6111 ಇರುವುದು 86 ಸೆಂ.ಮೀ. ಮೀರದ ಎತ್ತರದ ಮಕ್ಕಳ ಉಡುಪಿಗೆ. ಒಂದು ಉಡುಪು 6111ಕ್ಕೂ ಬೇರೆ ಶೀರ್ಷಿಕೆಗೂ ಹೊಂದಿದರೆ 6111ಕ್ಕೇ ಮೊದಲ ಹಕ್ಕು. 80 ಮತ್ತು 86ರ ಅಳತೆಯವು 6111.20, 92 ಮತ್ತು 98ರವು 6109.10. ನಿಯಮ ನೋಡುವುದು ಮೈಯ ಎತ್ತರವನ್ನು, ಲೇಬಲ್‌ನ ಮೇಲಿನ ತಿಂಗಳುಗಳನ್ನಲ್ಲ.

ಹೀಗೆ ಒಂದು ಕೋಡ್ ಇದ್ದದ್ದು ನಾಲ್ಕಾಯಿತು: 6109.10, 6110.20, 6110.30, 6111.20. ಇದರಿಂದ ನಿಮ್ಮ ಜೇಬಿಗೆ ಎಷ್ಟು ಪೆಟ್ಟು ಎಂಬುದು ಆಮದಾಗುವ ದೇಶವನ್ನು ಅವಲಂಬಿಸಿದೆ. ಅಮೆರಿಕದ ಪಟ್ಟಿಯಲ್ಲಿ ಹೆಚ್ಚುವರಿ ಸುಂಕಗಳನ್ನು ಬಿಟ್ಟು ನೋಡಿದರೆ ಹತ್ತಿಯ ಸಾಮಾನ್ಯ ಪುಲ್‌ಓವರ್‌ಗೆ ಶೇ 16.5, ಮಾನವನಿರ್ಮಿತ ನಾರಿನದಕ್ಕೆ ಶೇ 32. ಅಲ್ಲಿ ನಾರಿನ ತಪ್ಪು ಎಂದರೆ ಸುಂಕ ಹೆಚ್ಚುಕಡಿಮೆ ಇಮ್ಮಡಿ. ಐರೋಪ್ಯ ಒಕ್ಕೂಟದಲ್ಲಿ ಇಂಥ ಬಹುತೇಕ ಉಡುಪುಗಳ ದರ ಶೇ 12. ಅದೇ ತಪ್ಪಿಗೆ ವ್ಯತ್ಯಾಸವೇ ಬಾರದಿರಬಹುದು. ಆದ್ದರಿಂದ ಹೋರಾಡುವ ಮಾತಿಗೆ ಮೊದಲು ಪ್ರತಿ ಬಗೆಗೂ ಹಳೆಯ ಕೋಡ್‌ನ ಸುಂಕ, ಹೊಸ ಕೋಡ್‌ನ ಸುಂಕ ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ಯಾವುದಾದರೂ ಬಗೆಗೆ ನೀವು ಹೆಚ್ಚು ಕಟ್ಟಿರುವುದೂ ಬೆಳಕಿಗೆ ಬರಬಹುದು. ವ್ಯಾಪಾರ ಒಪ್ಪಂದದ ರಿಯಾಯಿತಿ ಪಡೆಯುತ್ತಿದ್ದರೆ ಇನ್ನೂ ಎಚ್ಚರ ಬೇಕು. ಸರಕು ಯಾವ ದೇಶದ್ದು ಎಂದು ತೀರ್ಮಾನಿಸುವ ಮೂಲದ ನಿಯಮಗಳು ಶೀರ್ಷಿಕೆಗೆ ಅಂಟಿಕೊಂಡಿರುತ್ತವೆ. ಕೋಡ್ ಬದಲಾದರೆ ಮೂಲ ಪ್ರಮಾಣಪತ್ರವನ್ನೂ ಪ್ರಶ್ನಿಸಲು ಅವಕಾಶವಾಗುತ್ತದೆ.

ಇನ್ನು ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ ಸಂಗತಿ. ನಿಮ್ಮ ಪತ್ರದಲ್ಲಿ ನೀವು ಕೋಡ್‌ನ ಬಗ್ಗೆ ಕೇಳಿದ್ದೀರಿ. ನನ್ನ ಕಣ್ಣು ಬಿದ್ದದ್ದು ‘ಹತ್ತಿ ಟಿ-ಶರ್ಟ್’ ಎಂಬ ವಿವರಣೆಯ ಮೇಲೆ. ‘ಮಹಿಳೆಯರ ಹೆಣಿಗೆ ಕಾರ್ಡಿಗನ್, ಹತ್ತಿ 45, ವಿಸ್ಕೋಸ್ 30, ಅಕ್ರಿಲಿಕ್ 25’ ಎಂದು ಬರೆದು ತಪ್ಪು ಕೋಡ್ ಹಾಕಿದ್ದರೆ ಅದು ಅಭಿಪ್ರಾಯಭೇದ. ಸತ್ಯ ಕಾಗದದ ಮೇಲಿತ್ತು, ಓದಿದ ರೀತಿ ತಪ್ಪಿತು ಎಂದು ವಾದಿಸಲು ನೆಲೆಯಿರುತ್ತದೆ. ಕಾರ್ಡಿಗನ್‌ಗೆ ‘ಹತ್ತಿ ಟಿ-ಶರ್ಟ್’ ಎಂದು ಬರೆದಿದ್ದರೆ ಅದು ವಸ್ತುವನ್ನೇ ತಪ್ಪಾಗಿ ಹೇಳಿದಂತೆ. ಮೊದಲನೆಯದರಲ್ಲಿ ಸಾಮಾನ್ಯವಾಗಿ ವ್ಯತ್ಯಾಸದ ಸುಂಕ ಮತ್ತು ಬಡ್ಡಿಯಲ್ಲಿ ಮುಗಿಯಬಹುದು. ಎರಡನೆಯದು ದಂಡದ ಕಡೆಗೆ, ಕೆಲವೊಮ್ಮೆ ಸರಕು ಮುಟ್ಟುಗೋಲಿನ ಕಡೆಗೆ ದಾರಿ ತೆರೆಯುತ್ತದೆ. ಕೋಡ್ ತಪ್ಪಿದ ಆಮದುದಾರರನ್ನು ಅಧಿಕಾರಿಗಳು ಸಹಿಸಿಕೊಂಡದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ವಿವರಣೆ ಸುಳ್ಳಾದಾಗ ಅವರ ಧ್ವನಿಯೇ ಬದಲಾಗುತ್ತದೆ, ಅದರಲ್ಲಿ ಅವರ ತಪ್ಪೂ ಇಲ್ಲ.

ಹಾಗಾದರೆ ಈಗ ಏನು ಮಾಡಬಹುದು? ಏಜೆಂಟ್ ಹೇಳಿದಂತೆ ಕಟ್ಟಿ ಬಿಡಿಸಿಕೊಳ್ಳುವುದು ಒಂದು ದಾರಿ. ಸರಕು ನಿಂತಷ್ಟು ದಿನ ಗೋದಾಮು ಬಾಡಿಗೆ, ಡೆಮರೇಜ್ ಎಂಬ ವಿಳಂಬ ಶುಲ್ಕ ಏರುತ್ತಲೇ ಇರುತ್ತದೆ ಎಂಬ ಅವರ ಆತಂಕ ನಿಜ. ಆದರೆ ‘ಅವರು ಹೇಳಿದಷ್ಟು’ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಅಧಿಕಾರಿ ಇಡೀ ಸರಕನ್ನೇ 6110.30ಕ್ಕೆ ಎಳೆದಿದ್ದರೆ ನಿಮ್ಮ ಟಿ-ಶರ್ಟ್ ಮತ್ತು ಪೋಲೊಗಳ ಮೇಲೆ ಅನ್ಯಾಯವಾಗಿ ಸುಂಕ ಬೀಳುತ್ತದೆ. ಬಗೆಬಗೆಯಾಗಿ ವಿಂಗಡಿಸಿ, ಮೇಲಿನ ನಾಲ್ಕು ಕೋಡ್‌ಗಳಿಗೆ ಘೋಷಣೆಯನ್ನು ತಿದ್ದಲು ಲಿಖಿತ ಮನವಿ ಕೊಡಿ. ಜೊತೆಗೆ ಪ್ರತಿ ಬಗೆಯ ಒಂದು ಮಾದರಿ, ಕೆಳ ಅಂಚಿನ ಹತ್ತಿರದ ಚಿತ್ರ, ನಾರಿನ ಪ್ರಮಾಣದ ಪತ್ರ ಇರಲಿ. ಯಾವ ಟಿಪ್ಪಣಿಯ ಆಧಾರದ ಮೇಲೆ ಯಾವ ಕೋಡ್ ಎಂಬುದನ್ನು ಎರಡೆರಡು ಸಾಲಿನಲ್ಲಿ ಬರೆಯಿರಿ. ಹಾಗೆ ಬಂದ ಮನವಿಯನ್ನು ತಳ್ಳಿಹಾಕಲು ಅಧಿಕಾರಿಯೂ ಕಾರಣ ಬರೆಯಬೇಕಾಗುತ್ತದೆ.

ಸ್ವೆಟ್‌ಶರ್ಟ್ ಒಂದನ್ನು ಬೇರ್ಪಡಿಸಿ. ಅದರಲ್ಲಿ ಹತ್ತಿ ಅರ್ಧಕ್ಕಿಂತ ಹೆಚ್ಚಿದೆ ಎಂದು ನಂಬಲು ಕಾರ್ಖಾನೆಯ ದಾಖಲೆಯ ಆಧಾರವಿದ್ದರೆ, ಬಾಂಡ್ ಅಥವಾ ಠೇವಣಿ ಇಟ್ಟು ತಾತ್ಕಾಲಿಕ ಬಿಡುಗಡೆ ಕೇಳಿ, ಮಾದರಿ ಪ್ರಯೋಗಾಲಯಕ್ಕೆ ಹೋಗಲಿ. ಅಲ್ಲಿ ಶೇ 75ರ ಗಂಧಕಾಮ್ಲದಲ್ಲಿ ಹತ್ತಿಯನ್ನು ಕರಗಿಸಿ ಉಳಿದ ಪಾಲಿಯೆಸ್ಟರನ್ನು ತೂಗುವುದು ರೂಢಿಯ ವಿಧಾನ. ಒಂದು ಸೂಕ್ಷ್ಮವಿದೆ. ಹತ್ತಿ ಗಾಳಿಯ ತೇವವನ್ನು ಹೀರುತ್ತದೆ, ಪಾಲಿಯೆಸ್ಟರ್ ಅಷ್ಟಾಗಿ ಹೀರುವುದಿಲ್ಲ. ಪೂರ್ತಿ ಒಣಗಿಸಿದ ತೂಕದ ಮೇಲೆ ಲೆಕ್ಕ ಹಾಕಿದರೆ ಹತ್ತಿಯ ಪಾಲು ಕಡಿಮೆ ಕಾಣುತ್ತದೆ, ತೇವಾಂಶದ ಪಾಲು ಸೇರಿಸಿದರೆ ಹೆಚ್ಚು. ಅರ್ಧರ್ಧದ ಗೆರೆಯ ಮೇಲೆ ನಿಂತ ಉಡುಪಿನಲ್ಲಿ ಈ ವ್ಯತ್ಯಾಸವೇ ಕೋಡ್ ನಿರ್ಧರಿಸಬಹುದು. ವರದಿ ಯಾವ ಆಧಾರದ್ದು ಎಂದು ಲಿಖಿತವಾಗಿ ಕೇಳಿ. ತೋಳಿನ ತುದಿಯ, ಕೆಳ ಅಂಚಿನ ರಿಬ್ ಪಟ್ಟಿ ಬೇರೆ ನಾರಿನದಾಗಿದ್ದರೆ ಅದನ್ನು ಮುಖ್ಯ ಬಟ್ಟೆಯೊಂದಿಗೆ ಬೆರೆಸಿ ಪರೀಕ್ಷಿಸಿಲ್ಲ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ರಿಬ್ ಪಟ್ಟಿ ಶೀರ್ಷಿಕೆಯನ್ನು ಬದಲಿಸಬಹುದು, ಆದರೆ ನಾರಿನ ಲೆಕ್ಕದಲ್ಲಿ ಅಂಚುಕಟ್ಟು ನಿರ್ಧರಿಸುವ ಭಾಗವಲ್ಲ. ಈ ದಾರಿಯ ಅಪಾಯವೂ ತಿಳಿದಿರಲಿ: ಹಣ ಸಿಲುಕಿಕೊಳ್ಳುತ್ತದೆ, ಫಲಿತಾಂಶ ನಿಮಗೆ ವಿರುದ್ಧ ಬಂದರೆ ಅದೇ ವರದಿ ಹಳೆಯ ಸರಕುಗಳ ಮೇಲೂ ಸಾಕ್ಷಿಯಾಗುತ್ತದೆ. ಕಾರ್ಡಿಗನ್ ಮತ್ತು ಪೋಲೊಗಳಿಗಾಗಿ ಮೇಲ್ಮನವಿ ಹೋಗುವುದು ನನ್ನ ದೃಷ್ಟಿಯಲ್ಲಿ ದುಡ್ಡು ದಂಡ. ಟಿಪ್ಪಣಿಯ ಮಾತೇ ಸ್ಪಷ್ಟವಾಗಿರುವಲ್ಲಿ ವಕೀಲರಿಗೂ ಹೇಳಲು ಹೆಚ್ಚೇನೂ ಇರುವುದಿಲ್ಲ.

ಹಳೆಯ ಎರಡು ಸರಕುಗಳ ವಿಷಯದಲ್ಲಿ ಸುಮ್ಮನಿರುವ ಆಸೆ ಸಹಜ. ಆದರೆ ಈ ಸರಕಿನ ಕೋಡ್ ಬದಲಾದ ಕ್ಷಣ, ಅದೇ ಪೂರೈಕೆದಾರ, ಅದೇ ವಿವರಣೆಯ ಹಿಂದಿನ ಘೋಷಣೆಗಳನ್ನು ಹುಡುಕಿ ತೆಗೆಯುವುದು ಅಧಿಕಾರಿಗೆ ಕಷ್ಟವೇನಲ್ಲ. ಬಹಳ ದೇಶಗಳಲ್ಲಿ ಇಲಾಖೆ ನೋಟಿಸ್ ಕೊಡುವ ಮೊದಲೇ ತಾನಾಗಿ ಹೇಳಿ ವ್ಯತ್ಯಾಸ ಕಟ್ಟಿದವರಿಗೆ ದಂಡದಲ್ಲಿ ವಿನಾಯಿತಿಯೋ ಕಡಿತವೋ ಇದೆ. ತನಿಖೆ ಶುರುವಾದ ಮೇಲೆ ಆ ಬಾಗಿಲು ಸಾಮಾನ್ಯವಾಗಿ ಮುಚ್ಚುತ್ತದೆ. ವಿವರಣೆಯೇ ತಪ್ಪಿರುವ ನಿಮ್ಮ ಪ್ರಕರಣದಲ್ಲಿ ನಾನಾದರೆ ಕಾಯುವುದಿಲ್ಲ. ಆದರೆ ಕಾಗದ ಕೊಡುವ ಮುನ್ನ ಕಸ್ಟಮ್ಸ್ ಕಾನೂನು ಬಲ್ಲ ವಕೀಲರಿಗೆ ಒಮ್ಮೆ ತೋರಿಸಿ. ಸ್ವಯಂ ಘೋಷಣೆಯಲ್ಲಿ ಬಳಸುವ ಪದಗಳು ಮುಂದೆ ನಿಮ್ಮ ಮೇಲೆಯೇ ತಿರುಗದಂತೆ ಇರಬೇಕು.

ಮುಂದಿನ ಆದೇಶಗಳಿಗೆ ಎರಡು ದಾರಿಗಳಿವೆ. ಒಂದು, ಮುಂಗಡ ನಿರ್ಣಯ. 2017ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಘಟನೆಯ ವ್ಯಾಪಾರ ಸುಗಮತೆ ಒಪ್ಪಂದದ ಮೂರನೇ ವಿಧಿ, ಸರಕು ಬರುವ ಮೊದಲೇ ವರ್ಗೀಕರಣದ ಬಗ್ಗೆ ಲಿಖಿತ ನಿರ್ಣಯ ಕೊಡುವ ವ್ಯವಸ್ಥೆಯನ್ನು ಸದಸ್ಯ ದೇಶಗಳಿಂದ ನಿರೀಕ್ಷಿಸುತ್ತದೆ. ಮಾದರಿ ಮತ್ತು ಪೂರ್ಣ ವಿವರ ಕೊಟ್ಟು ಪಡೆದ ನಿರ್ಣಯ ಇಲಾಖೆಯನ್ನು ಕಟ್ಟಿಹಾಕುತ್ತದೆ. ನಿಮಗೆ ಹಿಡಿಸದ ನಿರ್ಣಯ ಬಂದರೂ ಅದನ್ನು ಬದಿಗಿಟ್ಟು ಬೇರೆ ಕೋಡ್ ಹಾಕುವುದು ಕಷ್ಟ, ಅಷ್ಟು ತಿಳಿದು ಅರ್ಜಿ ಹಾಕಿ. ವರ್ಷವಿಡೀ ತರಿಸುವ ಬಗೆಗೆ ಇದು ಯೋಗ್ಯ, ಒಂದೇ ಸಲದ ಸರಕಿಗೆ ಅಲ್ಲ. ಸುಂಕ ಪಟ್ಟಿ ಸುಮಾರು ಐದು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ. ಈಗಿನದು 2022ರದು, ಮುಂದಿನದು 2028ರ ಜನವರಿಗೆ. ನಿರ್ಣಯ ಹಳೆಯ ಆವೃತ್ತಿಯದಾಗಿದ್ದರೆ ಮತ್ತೆ ನೋಡಿಕೊಳ್ಳಬೇಕು.

ಇನ್ನೊಂದು, ಉಡುಪನ್ನೇ ಬದಲಿಸುವುದು. ಪೋಲೊದ ರಿಬ್ ಪಟ್ಟಿ ತೆಗೆದು ಅಂಚು ಮಡಚಿ ಹೊಲಿಸಿದರೆ, ಹೆಣಿಗೆ ಸಾಕಷ್ಟು ಬಿಗಿಯಾಗಿದ್ದರೆ, ಅದು 6105 ಅಥವಾ 6106ಕ್ಕೆ ಹೋಗುತ್ತದೆ. ಸುಂಕ ಕಡಿಮೆಯಾಗುವಂತೆ ವಿನ್ಯಾಸ ಮಾಡುವುದು ಅಪರಾಧವಲ್ಲ. ಬಂದರು ದಾಟಿದ ಮೇಲೆ ಮತ್ತೆ ಪಟ್ಟಿ ಹೊಲಿಸುವ ಯೋಚನೆಯಿದ್ದರೆ ಅದು ವಿನ್ಯಾಸವಲ್ಲ, ವೇಷ. ಶರ್ಟ್‌ನ ಶೀರ್ಷಿಕೆಗೆ ಹೋದ ಕೂಡಲೇ ಹೊಸ ಪ್ರಶ್ನೆಯೂ ಏಳುತ್ತದೆ ಎಂಬುದು ನೆನಪಿರಲಿ. 6109, 6110 ಗಂಡು ಹೆಣ್ಣೆಂದು ಕೇಳುವುದಿಲ್ಲ, 6105 ಮತ್ತು 6106 ಕೇಳುತ್ತವೆ. ಮುಂಭಾಗದಲ್ಲಿ ಎಡಪಟ್ಟಿ ಬಲದ ಮೇಲೆ ಬಂದರೆ ಪುರುಷರದು, ಬಲಪಟ್ಟಿ ಎಡದ ಮೇಲೆ ಬಂದರೆ ಮಹಿಳೆಯರದು. ಕತ್ತರಿಕೆಯೇ ಬೇರೆಯಾಗಿ ಹೇಳಿದರೆ ಅದನ್ನು ನಂಬುತ್ತಾರೆ. ಯಾರದೆಂದು ಹೇಳಲಾಗದಿದ್ದರೆ ಮಹಿಳೆಯರ ಶೀರ್ಷಿಕೆ. ‘ಎಲ್ಲರಿಗೂ’ ಎಂಬ ಲೇಬಲ್ ಹಾಕಿಸುವ ಮುನ್ನ ಎರಡೂ ದರ ನೋಡಿ.

ಅರ್ಧರ್ಧದ ಮಿಶ್ರಣವನ್ನಂತೂ ಮುಂದಿನ ಸಲ ತರಿಸಲೇಬೇಡಿ. ಹತ್ತಿ ಶೇ 60 ಎಂದು ಕರಾರಿನಲ್ಲೇ ಬರೆಸಿ. ಕಾರ್ಖಾನೆಯಲ್ಲಿ ಒಂದೆರಡು ಅಂಶ ಹೆಚ್ಚುಕಡಿಮೆಯಾದರೂ ಕೋಡ್ ಅಲುಗುವುದಿಲ್ಲ. ಇನ್‌ವಾಯ್ಸ್‌ನ ಪ್ರತಿ ಸಾಲಿನಲ್ಲೂ ಹೆಣಿಗೆ ಎಂಬ ಪದ, ಉಡುಪಿನ ಬಗೆ, ಯಾರಿಗೆ, ಕಾಲರ್ ಮತ್ತು ಗುಂಡಿಯ ಸ್ಥಿತಿ, ಕೆಳ ಅಂಚು ಹೇಗಿದೆ, ಪ್ರತಿ ನಾರಿನ ತೂಕದ ಶೇಕಡಾವಾರು, ಮಕ್ಕಳದ್ದಾದರೆ ಎತ್ತರ ಇರಲೇಬೇಕೆಂದು ಪೂರೈಕೆದಾರರಿಗೆ ತಿಳಿಸಿ, ಇಲ್ಲದಿದ್ದರೆ ಹಣ ಬಿಡುಗಡೆಯಿಲ್ಲ ಎಂಬ ಷರತ್ತು ಹಾಕಿ. ಕೋಡ್‌ನ ಅಂಕಣವನ್ನು ಅವರು ಖಾಲಿ ಬಿಟ್ಟರೂ ಅಡ್ಡಿಯಿಲ್ಲ, ಅದನ್ನು ನೀವೂ ನಿಮ್ಮ ಏಜೆಂಟರೂ ಮಾದರಿ ಕೈಯಲ್ಲಿ ಹಿಡಿದು ತುಂಬಬಹುದು.